ನಗಿಸುವುದೇನು ಸುಲಭದ ಕೆಲಸವೇ?

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ಇವತ್ತು ಗಂಭೀರವಾದ ಮಹಾಕೃತಿಗಳ ಸುದ್ದಿಗೆ ನಾನು ಹೋಗುವುದಿಲ್ಲ. ಊಟ ಮಾಡುತ್ತಾ ನೋಡುವ ಕಾಮಿಡಿ ಸೀರಿಯಲ್ಲು, ರಜೆಯಲ್ಲಿ ಮೂರನೇ ಸಲ ನೋಡುವ ಸಿನಿಮಾ, ಒಂದೇ ಉಸಿರಿಗೆ ಓದಿ ಮುಗಿಸುವ ಪುಸ್ತಕ, ಇವುಗಳ ಬಗ್ಗೆ ನಾಲ್ಕು ಮಾತು. ಇವನ್ನೆಲ್ಲ ನಾವು ‘ಬರೀ ಟೈಂಪಾಸ್’ ಅಂತ ಪಕ್ಕಕ್ಕೆ ತಳ್ಳುತ್ತೇವೆ. ನೋಡುವುದು ಮಾತ್ರ ಇವನ್ನೇ! ಯಾರಾದರೂ ‘ನಿಮಗೆ ತುಂಬಾ ಇಷ್ಟವಾದ ಸಿನಿಮಾ ಯಾವುದು’ ಅಂತ ಕೇಳಿದರೆ ಸಾಕು, ಅರ್ಧಕ್ಕೇ ನಿದ್ದೆ ಬಂದು ಬಿಟ್ಟ ಯಾವುದೋ ಭಾರೀ ಚಿತ್ರದ ಹೆಸರು ಬಾಯಿಗೆ ಬರುತ್ತದೆ. ಹೌದೋ ಅಲ್ವೋ?

ನನ್ನ ತಕರಾರು ಇಷ್ಟೇ. ಅಳಿಸುವವರಿಗೆ ಸಿಗುವ ಮರ್ಯಾದೆ ನಗಿಸುವವರಿಗೆ ಸಿಗುವುದಿಲ್ಲ. ಆಸ್ಕರ್ ಪಟ್ಟಿಯನ್ನೇ ತೆಗೆದು ನೋಡಿ, ಅತ್ಯುತ್ತಮ ಚಿತ್ರ ಅನ್ನಿಸಿಕೊಂಡವುಗಳಲ್ಲಿ ಅಪ್ಪಟ ಕಾಮಿಡಿಗಳು ತುಂಬಾ ಕಡಿಮೆ. 1977ರ ‘ಆನಿ ಹಾಲ್’ ಎಂಬ ಕಾಮಿಡಿ ‘ಸ್ಟಾರ್ ವಾರ್ಸ್’ ಅನ್ನು ಹಿಂದೆ ಹಾಕಿ ಗೆದ್ದಿದ್ದನ್ನು ಜನ ಇವತ್ತಿಗೂ ವಿಚಿತ್ರ ಅನ್ನುವ ಹಾಗೆ ಹೇಳಿಕೊಳ್ಳುತ್ತಾರೆ. ಇರಲಿ, ಪ್ರಶಸ್ತಿ ಬಿಡಿ. ನಗಿಸುವುದರ ಹಿಂದೆ ಎಷ್ಟು ಕೆಲಸ ಇರುತ್ತದೆ ಅನ್ನುವುದನ್ನು ಮಾತ್ರ ಸ್ವಲ್ಪ ಹತ್ತಿರದಿಂದ ನೋಡೋಣ.

ಚಾಪ್ಲಿನ್‌ನ ‘ಸಿಟಿ ಲೈಟ್ಸ್’. ಬಂದಿದ್ದು 1931ರಲ್ಲಿ. ಅಷ್ಟು ಹೊತ್ತಿಗೆ ಮಾತಿನ ಚಿತ್ರಗಳು ಬಂದು ಊರೆಲ್ಲ ಅದನ್ನೇ ನೋಡುತ್ತಿದ್ದರೂ ಈ ಮನುಷ್ಯ ಮಾತಿಲ್ಲದ ಚಿತ್ರವನ್ನೇ ಮಾಡುತ್ತೇನೆ ಅಂತ ಹಟ ಹಿಡಿದು ಕೂತಿದ್ದ. ಕಥೆಗೆ ಬೇಕಿದ್ದದ್ದು ಒಂದೇ ವಿಷಯ: ಕಣ್ಣು ಕಾಣದ ಹೂ ಮಾರುವ ಹುಡುಗಿ, ಕೈಯಲ್ಲಿ ಕಾಸಿಲ್ಲದ ಅಲೆಮಾರಿಯನ್ನು ದೊಡ್ಡ ಶ್ರೀಮಂತ ಅಂದುಕೊಳ್ಳಬೇಕು. ಹೇಗೆ ಅಂದುಕೊಳ್ಳುತ್ತಾಳೆ? ಅವಳಿಗೆ ಬಟ್ಟೆ ಕಾಣುವುದಿಲ್ಲ, ಇವನು ಮಾತಾಡುವ ಹಾಗಿಲ್ಲ. ಈ ಒಂದು ಗಂಟನ್ನು ಬಿಡಿಸಲು ಚಾಪ್ಲಿನ್ ಆ ದೃಶ್ಯವನ್ನು ಮುನ್ನೂರಕ್ಕೂ ಹೆಚ್ಚು ಸಲ ಚಿತ್ರೀಕರಿಸಿದ.

ಕೊನೆಗೆ ಸಿಕ್ಕಿದ್ದು ಕಾರಿನ ಬಾಗಿಲು. ರಸ್ತೆ ತುಂಬ ವಾಹನ, ಎದುರಿಗೆ ಪೊಲೀಸ್. ಪೊಲೀಸನ ಕಣ್ಣು ತಪ್ಪಿಸಲು ಅಲೆಮಾರಿ ನಿಂತಿದ್ದ ದೊಡ್ಡ ಕಾರಿನ ಒಂದು ಬಾಗಿಲಿಂದ ಒಳಗೆ ನುಗ್ಗಿ ಇನ್ನೊಂದು ಬಾಗಿಲಿಂದ ಇಳಿಯುತ್ತಾನೆ, ಬಾಗಿಲು ಹಾಕುತ್ತಾನೆ. ಹುಡುಗಿ ಆ ಸದ್ದಿಗೆ ತಿರುಗಿ ಹೂ ಚಾಚುತ್ತಾಳೆ. ಗಮನಿಸಿ, ನಮಗೆ ಆ ಸದ್ದು ಕೇಳಿಸುವುದೇ ಇಲ್ಲ, ಅದು ಕೇಳಿಸಿದ್ದು ಅವಳ ಮುಖದಲ್ಲಿ ಕಾಣುತ್ತದೆ ಅಷ್ಟೇ. ಇವನು ಇದ್ದ ಒಂದು ನಾಣ್ಯ ಕೊಡುತ್ತಾನೆ. ಅವಳು ಚಿಲ್ಲರೆ ಹುಡುಕುವಷ್ಟರಲ್ಲಿ ಕಾರಿನ ನಿಜವಾದ ಯಜಮಾನ ಬಂದು ಕಾರು ಹತ್ತಿ ಹೊರಟುಬಿಡುತ್ತಾನೆ. ‘ಅಯ್ಯೋ, ಚಿಲ್ಲರೆ ಕೂಡ ತೆಗೆದುಕೊಳ್ಳದೆ ಹೋದರಲ್ಲ’ ಅನ್ನುವ ಹಾಗೆ ಅವಳ ಮುಖ. ಇವನು ಸದ್ದಾಗದ ಹಾಗೆ ಜಾಗ ಬಿಟ್ಟು, ಪಕ್ಕದಲ್ಲೇ ಕೂತು ಅವಳನ್ನು ಮೈಮರೆತು ನೋಡುತ್ತಾನೆ. ಇನ್ನೇನು ನಮ್ಮ ಕಣ್ಣು ತುಂಬಬೇಕು, ಅಷ್ಟರಲ್ಲಿ ಅವಳು ಹೂವಿನ ಕುಂಡ ತೊಳೆದ ನೀರನ್ನು ಸೀದಾ ಇವನ ಮುಖಕ್ಕೆ ಎರಚುತ್ತಾಳೆ. ಇದು ಟೈಂಪಾಸ್ ಅಂದರೆ ನನಗೆ ಅಂಥ ಟೈಂಪಾಸ್ ದಿನಾ ಬೇಕು.

ಇನ್ನು ಟೀವಿಗೆ ಬರೋಣ. ಸೀರಿಯಲ್ಲಿನ ಹಿಂದಿನಿಂದ ಬರುವ ಆ ನಗು ಇದೆಯಲ್ಲ, ಅದನ್ನು ಕಂಡರೆ ಆಗದವರು ಜಾಸ್ತಿ. ‘ಎಲ್ಲಿ ನಗಬೇಕು ಅಂತ ನಮಗೆ ಹೇಳಿಕೊಡಬೇಕಾ?’ ಅನ್ನುತ್ತಾರೆ. ಒಂದಷ್ಟು ಸಿಟ್ಟು ನ್ಯಾಯವೇ. 1950ರ ದಶಕದಲ್ಲಿ ಅಮೆರಿಕದ ಚಾರ್ಲಿ ಡಗ್ಲಸ್ ಎಂಬ ಸೌಂಡ್ ಎಂಜಿನಿಯರ್ ಒಂದು ಪೆಟ್ಟಿಗೆ ಮಾಡಿದ. ಅದರ ಕೀಲಿ ಒತ್ತಿದರೆ ಬೇರೆಬೇರೆ ಥರದ ನಗು ಹೊರಗೆ ಬರುತ್ತಿತ್ತು. ಮುಸಿಮುಸಿ ನಗು ಬೇಕಾ, ಹೊಟ್ಟೆ ಹಿಡಿದು ನಗುವ ನಗು ಬೇಕಾ, ಒತ್ತಿದರೆ ಆಯಿತು. ಯಾವತ್ತೋ ಯಾವುದಕ್ಕೋ ನಕ್ಕವರ ನಗುವನ್ನು ವರ್ಷಗಟ್ಟಲೆ ಕಂಡಕಂಡ ಜೋಕಿಗೆಲ್ಲ ಹಚ್ಚಿದರು.

ಆದರೆ ಎಲ್ಲ ನಗುವೂ ಪೆಟ್ಟಿಗೆಯದಲ್ಲ. ‘ಫ್ರೆಂಡ್ಸ್’ ಥರದ ಸೀರಿಯಲ್ಲುಗಳನ್ನು ಎದುರಿಗೆ ಜನರನ್ನು ಕೂರಿಸಿಯೇ ತೆಗೆದರು. ಜೋಕಿಗೆ ಜನ ನಗದಿದ್ದರೆ ಬರೆಯುವವರು ಅಲ್ಲೇ ಗುಂಪುಗೂಡಿ ಬೇರೆ ಮಾತು ಬರೆದುಕೊಡುತ್ತಿದ್ದರು. ಪರೀಕ್ಷೆಯ ಫಲಿತಾಂಶ ಅಲ್ಲೇ, ಆಗಲೇ! ಇಂಥ ಸೀರಿಯಲ್ಲಿನ ನಗುವನ್ನು ಅಳಿಸಿ ‘ನೋಡಿ ಎಷ್ಟು ಸಪ್ಪೆ’ ಅಂತ ತೋರಿಸುವ ವಿಡಿಯೋಗಳು ಓಡಾಡುತ್ತವೆ. ಅದು ಮೋಸ ಸ್ವಾಮಿ. ಜನ ನಗುವುದನ್ನು ಮುಗಿಸಲಿ ಅಂತ ನಟರು ಕಾಯುತ್ತಿರುತ್ತಾರೆ. ನಗು ತೆಗೆದುಬಿಟ್ಟರೆ ಆ ಕಾಯುವಿಕೆ ಪೆದ್ದುಪೆದ್ದಾಗಿ ಕಾಣದೆ ಇನ್ನೇನಾಗುತ್ತದೆ?

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ‘ಮ್ಯಾಶ್’ ಮಾಡಿದವರ ಜಗಳ. 1972ರಿಂದ 1983ರವರೆಗೆ ಬಂದ, ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯೊಂದರ ಕಥೆ ಅದು. ಮಾಡಿದವರಿಗೆ ಹಿನ್ನೆಲೆಯ ನಗು ಬೇಡವಾಗಿತ್ತು, ಚಾನೆಲ್‌ನವರು ಬೇಕೇ ಬೇಕು ಅಂದರು. ಕೊನೆಗೆ ರಾಜಿಯಾಗಿದ್ದು ಹೀಗೆ: ನಗು ಇರಲಿ, ಆಪರೇಷನ್ ಥಿಯೇಟರಿನ ಒಳಗೆ ಮಾತ್ರ ಬೇಡ. ಡಾಕ್ಟರುಗಳು ಅಲ್ಲಿಯೂ ಜೋಕು ಹೊಡೆಯುತ್ತಾರೆ, ಆದರೆ ಮೇಜಿನ ಮೇಲೆ ಗಾಯಗೊಂಡ ಹುಡುಗ ಮಲಗಿದ್ದಾನೆ, ಯಾರೂ ನಗುವುದಿಲ್ಲ. ಅದೇ ಮಾತು ಹೊರಗೆ ಟೆಂಟಿನಲ್ಲಿ ಬಂದರೆ ಗೊಳ್ ಅನ್ನುವ ನಗು. ಬ್ರಿಟನ್ನಿನಲ್ಲಿ ಬಿಬಿಸಿ ಇದನ್ನು ನಗುವೇ ಇಲ್ಲದೆ ಪ್ರಸಾರ ಮಾಡಿತು. ಎರಡೂ ಸಿಕ್ಕರೆ ಒಂದೇ ಎಪಿಸೋಡನ್ನು ಎರಡು ಥರ ನೋಡಿ, ಬೇರೆಬೇರೆ ಕಥೆ ಅನಿಸುತ್ತದೆ.

ಪುಸ್ತಕದ ಮಾತು ಬಂದರೆ ಇಂಗ್ಲಿಷಿನ ಹಾಸ್ಯ ಲೇಖಕ ವುಡ್‌ಹೌಸ್ ಹೆಸರು ತೆಗೆಯಲೇಬೇಕು. ಪೆದ್ದ ಯಜಮಾನ, ಜಾಣ ಸೇವಕ, ಕಳೆದುಹೋದ ಹಂದಿ, ಇಷ್ಟೇ ಬಂಡವಾಳ. ಜೀವನವಿಡೀ ಅದೇ ಲೋಕ, ತೊಂಬತ್ತಕ್ಕೂ ಹೆಚ್ಚು ಪುಸ್ತಕ. ಓದಿದರೆ ಹರಟೆ ಹೊಡೆಯುತ್ತಾ ಸುಮ್ನೆ ಬರೆದ ಹಾಗಿದೆ. ಆದರೆ ಆತ ಒಂದು ಕಾದಂಬರಿಗೆ ನೂರಾರು ಪುಟ ಟಿಪ್ಪಣಿ ಮಾಡಿಕೊಂಡು, ಯಾರು ಯಾವಾಗ ಯಾವ ಬಾಗಿಲಿಂದ ಬರಬೇಕು ಅಂತೆಲ್ಲ ಗೊತ್ತುಮಾಡಿಕೊಂಡ ಮೇಲೆಯೇ ಬರೆಯಲು ಕೂರುತ್ತಿದ್ದದ್ದು. ಕಷ್ಟಪಟ್ಟಿದ್ದು ಕಾಣದ ಹಾಗೆ ಕಷ್ಟಪಡುವುದು ಅಂದರೆ ಇದೇ. ಅದಕ್ಕೇ ಏನೋ, ವಿಮರ್ಶಕರ ಕಣ್ಣಿಗೂ ಕಾಣುವುದಿಲ್ಲ.

ಮಧ್ಯೆ ಒಂದು ಮಾತು. ‘ಪುಸ್ತಕವೇ ಚೆನ್ನಾಗಿತ್ತು, ಸಿನಿಮಾ ಕೆಡಿಸಿದರು’ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಅಭಿಪ್ರಾಯ. ಅದನ್ನು ಹೇಳುವ ಮೊದಲು ನರಭಕ್ಷಕ ಶಾರ್ಕ್ ಮೀನಿನ ಕಥೆ ‘ಜಾಸ್’ ಓದಿ ನೋಡಿ. 1974ರ ಆ ಕಾದಂಬರಿಯಲ್ಲಿ ಪೊಲೀಸ್ ಮುಖ್ಯಸ್ಥನ ಹೆಂಡತಿಯ ಪ್ರೇಮ ಪ್ರಕರಣ ಅಂತೆಲ್ಲ ಏನೇನೋ ಇದೆ. ಮರುವರ್ಷ ಬಂದ ಸಿನಿಮಾ ಅದನ್ನೆಲ್ಲ ಕಿತ್ತುಹಾಕಿತು. ಯಂತ್ರದ ಶಾರ್ಕ್ ಮೇಲಿಂದ ಮೇಲೆ ಕೆಟ್ಟಿದ್ದರಿಂದ ಅದನ್ನೂ ಹೆಚ್ಚು ತೋರಿಸಲಾಗಲಿಲ್ಲ. ಒಳ್ಳೆಯದೇ ಆಯಿತು ಬಿಡಿ.

ಕೊನೆಗೆ, ಎಷ್ಟು ದಿನ ಎಳೆಯಬೇಕು ಅನ್ನುವ ಪ್ರಶ್ನೆ. ಇದರಲ್ಲಿ ನನಗೆ ಎರಡು ಮನಸ್ಸು. ಬ್ರಿಟನ್ನಿನ ಕಾಮಿಡಿ ಸೀರಿಯಲ್ಲು ‘ಫಾಲ್ಟಿ ಟವರ್ಸ್’ ಒಟ್ಟು ಹನ್ನೆರಡೇ ಎಪಿಸೋಡು. 1975ರಲ್ಲಿ ಆರು, 1979ರಲ್ಲಿ ಆರು, ಮುಗೀತು. ಒಂದೊಂದಕ್ಕೂ ವಾರಗಟ್ಟಲೆ ಕೂತು ಬರೆದಿದ್ದು, ಆ ಬಿಗಿ ನೋಡಿದರೆ ಗೊತ್ತಾಗುತ್ತದೆ. ಹದಿಮೂರನೆಯದು ಇದ್ದಿದ್ದರೆ ಅಂತ ಆಸೆಯಾಗುತ್ತದೆ, ಆದರೆ ಇಲ್ಲದ್ದೇ ಸರಿ. ಇನ್ನೊಂದು ಕಡೆ ಅಮೆರಿಕದ ‘ದಿ ಆಫೀಸ್’ ನೋಡಿ. 2005ರ ಮೊದಲ ಸೀಸನ್ನಿನಲ್ಲಿ ಆರೇ ಎಪಿಸೋಡು, ಮೊದಲನೆಯದಂತೂ ಬ್ರಿಟಿಷ್ ಮೂಲದ್ದೇ ನಕಲು, ಆ ಬಾಸ್ ಅನ್ನುವವನ ಮೇಲೆ ನಗುವಿಗಿಂತ ರೇಗುವುದೇ ಜಾಸ್ತಿ. ಎರಡನೇ ಸೀಸನ್ನಿನಲ್ಲಿ ಅವನನ್ನು ಸ್ವಲ್ಪ ಮೆತ್ತಗೆ ಮಾಡಿದರು. ಪೆದ್ದನೇ, ಆದರೆ ಎಲ್ಲರಿಗೂ ತನ್ನನ್ನು ಕಂಡರೆ ಇಷ್ಟವಾಗಲಿ ಅಂತ ಒದ್ದಾಡುವ ಪೆದ್ದ. ಅಲ್ಲಿಂದ ಸೀರಿಯಲ್ಲು ಚಿಗುರಿತು. ಆರಕ್ಕೇ ನಿಲ್ಲಿಸಿದ್ದರೆ ಅದು ಇವತ್ತು ಯಾರಿಗೂ ನೆನಪಿರುತ್ತಿರಲಿಲ್ಲ. ಒಂಬತ್ತು ಸೀಸನ್ ಎಳೆದದ್ದು ಮಾತ್ರ ಅತಿಯಾಯಿತು, ಏಳಕ್ಕೆ ಬಾಸ್ ಹೊರಟಾಗಲೇ ಬಾಗಿಲು ಹಾಕಬೇಕಿತ್ತು. ನೀವು ಒಪ್ಪುವುದಿಲ್ಲ ಅಂತ ಮೊದಲ ಸಾಲಿನ ಮುಖಗಳೇ ಹೇಳುತ್ತಿವೆ, ಮೈಕ್ ಅವರಿಗೆ ಕೊಡಿ.