ವರ್ಷ ಕೇಳಬೇಡಿ, ಆಗ ಏನಾಗಿತ್ತು ಅಂತ ಕೇಳಿ

ಕೊಡಗಿನ ರೇಡಿಯೊ ಕೇಳುಗರಿಗೆ ನಮಸ್ಕಾರ.

ಮನೆಯ ಹಿರಿಯಜ್ಜಿ ತೀರಿಕೊಂಡ ಮೇಲೆ ಅವರ ಬಾಳನ್ನು ಬರೆದಿಡುವುದು ಹೇಗೆ ಅಂತ ಮಾತಾಡಲು ಕರೆದಿದ್ದಾರೆ. ತೀರಿಕೊಂಡ ಮೇಲೆ ಯಾಕೆ? ಹೊರಗೆ ಮಳೆ ಹಿಡಿದಿದೆ, ಅರ್ಧ ಜಿಲ್ಲೆಗೆ ಕರೆಂಟಿಲ್ಲ, ಟಿವಿ ಸತ್ತಿದೆ. ಅಜ್ಜಿ ಒಲೆಯ ಪಕ್ಕದಲ್ಲೇ ಕೂತಿದ್ದಾರೆ. ಇವತ್ತೇ ಕೇಳಿ. ಕೇಳುವಾಗ ಒಂದೇ ಒಂದು ನಿಯಮ: ವರ್ಷ ಕೇಳಬೇಡಿ, ಆಗ ಏನಾಗಿತ್ತು ಅಂತ ಕೇಳಿ.

ಪತ್ರಿಕೆಯಲ್ಲಿ ಬರುವ ಶ್ರದ್ಧಾಂಜಲಿಗಳನ್ನು ನೀವೂ ಓದುತ್ತೀರಿ. ಮಮತಾಮಯಿ, ತ್ಯಾಗಮಯಿ, ಎಲ್ಲರ ಅಚ್ಚುಮೆಚ್ಚಿನವರು. ಫೋಟೋ ಬದಲಾಯಿಸಿದರೆ ಪಕ್ಕದ ಮನೆಯ ಅಜ್ಜಿಗೂ ಅದೇ ಸಾಕು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳು ನಾನು, ಇದನ್ನು ಓದಿದಾಗಲೆಲ್ಲ ಕೈ ಕೆಂಪು ಪೆನ್ನಿಗೆ ಹೋಗುತ್ತದೆ.

ನಮ್ಮತ್ತೆಯ ವಿಷಯ ಹೇಳುತ್ತೇನೆ. 2018ರ ಆಗಸ್ಟ್ ನಿಮಗೆ ನೆನಪಿದೆ, ನಾನು ವಿವರಿಸಬೇಕಾಗಿಲ್ಲ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ಸುದ್ದಿ ಬರುತ್ತಿತ್ತು, ನಮ್ಮ ಕಡೆ ರಸ್ತೆ ಬಂದ್. ನಮ್ಮ ಮನೆಯಲ್ಲಿ ಆ ವರ್ಷ ಇನ್ನೊಂದು ಗಡಿಬಿಡಿಯೂ ಇತ್ತು. ಅತ್ತೆಗೆ ನೂರು ತುಂಬಿತು ಅಂತ ನಮ್ಮ ಯಜಮಾನರು, ಭಾವಂದಿರು ಎಲ್ಲ ಸೇರಿ ದೊಡ್ಡ ಸಮಾರಂಭ ಮಾಡಲು ಹಾಲ್ ಹುಡುಕುತ್ತಿದ್ದರು. ಆಧಾರ: ಆಧಾರ್ ಕಾರ್ಡು. ಅದರಲ್ಲಿ ಹುಟ್ಟಿದ ದಿನ 1918ರ ಜನವರಿ ಒಂದು. ನಮ್ಮ ಜಿಲ್ಲೆಯ ಎಷ್ಟು ಅಜ್ಜಿಯರು ಜನವರಿ ಒಂದರಂದೇ ಹುಟ್ಟಿದ್ದಾರೆ ನೋಡಿ!

ಆ ಮಳೆಯಲ್ಲಿ ಒಲೆಯ ಮುಂದೆ ಕೈ ಕಾಯಿಸುತ್ತಾ ಅತ್ತೆ ತಾವಾಗಿಯೇ ಹೇಳಿದರು, "ಇಂಥದ್ದೇ ಮಳೆ ನಾನು ಹುಟ್ಟುವ ಹಿಂದಿನ ವರ್ಷ ಬಂದಿತ್ತಂತೆ. ಗದ್ದೆಯೆಲ್ಲ ಹೋಯಿತು ಅಂತ ಅವ್ವ ಹೇಳುತ್ತಿದ್ದಳು." ನಾನು ಎದ್ದು ಕೂತೆ. ಕಾವೇರಿ ಸೀಮೆಗೂ ಮಲಬಾರಿಗೂ ಒಟ್ಟಿಗೆ ಬಡಿದ ಆ ದೊಡ್ಡ ನೆರೆ 1924ರದ್ದು. ಹಾಗಾದರೆ ಅತ್ತೆ ಹುಟ್ಟಿದ್ದು 1925. ಯಾವ ತಿಂಗಳು ಅತ್ತೆ? "ಕಕ್ಕಡ. ಮನೆಯಲ್ಲಿ ಮದ್ದುಪಾಯಸ ಉಂಡ ಮಾರನೇ ದಿನ." ಕಕ್ಕಡ ಅಂದರೆ ಕೊಡವರ ಮಳೆಗಾಲದ ತಿಂಗಳು. ಮದ್ದುಸೊಪ್ಪಿನ ಪಾಯಸ ಮಾಡುವುದು ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ ಮೊದಲ ವಾರದ ಒಳಗೆ. ಯಾವ ಕಚೇರಿಯ ಕಾಗದದಲ್ಲೂ ಸಿಗದ ತಾರೀಖು ಒಂದು ಪಾಯಸದ ಪಾತ್ರೆಯಲ್ಲಿತ್ತು.

ಆದರೂ ಒಂದು ಸಾಕ್ಷಿ ಸಾಲದು. ಇನ್ನೊಂದು ಕೇಳಿದೆ: ಗಾಂಧೀಜಿ ಬಂದಾಗ ನೀವು ಎಲ್ಲಿದ್ದಿರಿ? ಗಾಂಧೀಜಿ ಕೊಡಗಿಗೆ ಬಂದದ್ದು 1934ರ ಫೆಬ್ರುವರಿಯಲ್ಲಿ. ಅತ್ತೆಯ ಮುಖ ಕೆಂಪಾಯಿತು. "ವಿರಾಜಪೇಟೆಗೆ ಅಪ್ಪ ನಮ್ಮಿಬ್ಬರನ್ನೂ ನಡೆಸಿಕೊಂಡು ಹೋದರು. ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡರು. ನೀನು ದೊಡ್ಡವಳು, ನಿಂತು ನೋಡು ಅಂದರು. ಅವಳಿಗೆ ಗಾಂಧಿ ಕಂಡರು. ನನಗೆ ಜನರ ಬೆನ್ನು ಕಂಡಿತು." ಎಂಬತ್ತನಾಲ್ಕು ವರ್ಷದ ಸಿಟ್ಟು, ಇನ್ನೂ ಆರಿರಲಿಲ್ಲ. ತಂಗಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಆದರೂ ಬಿಟ್ಟಿರಲಿಲ್ಲ.

ಈಗ ಲೆಕ್ಕ ನೋಡಿ. ಹೆಗಲೇರುವ ವಯಸ್ಸು ದಾಟಿದೆ, ಮುಂದೆ ನಿಂತವರ ತಲೆ ಮೇಲೆ ನೋಡುವ ಎತ್ತರ ಬಂದಿಲ್ಲ. ಎಂಟು ವರ್ಷ, ಸರಿಯಾಗಿ ಕೂಡಿ ಬರುತ್ತದೆ. 1918ರಲ್ಲಿ ಹುಟ್ಟಿದ್ದರೆ ಆಗ ಹದಿನಾರು. ಹದಿನಾರರ ಹುಡುಗಿಯನ್ನು ಹೆಗಲ ಮೇಲೆ ಕೂರಿಸಲಿಲ್ಲ ಅಂತ ಯಾರಾದರೂ ಜಗಳ ಮಾಡುತ್ತಾರೆಯೇ?

ಮನೆಯಲ್ಲಿ ಹೇಳಿದೆ, ಅತ್ತೆಗೆ ನೂರಲ್ಲ, ತೊಂಬತ್ತಮೂರು ಅಂತ. ಯಾರಿಗೂ ಇಷ್ಟವಾಗಲಿಲ್ಲ. "ಊರಿಗೆಲ್ಲ ಹೇಳಿಯಾಗಿದೆ, ನೀನು ಸುಮ್ಮನಿರು" ಅಂದರು ದೊಡ್ಡ ಭಾವ. ಅತ್ತೆ ಮಾತ್ರ ಖುಷಿಯಾದರು. "ಏಳು ವರ್ಷ ಉಳಿಯಿತಲ್ಲ" ಅಂದರು. ತೊಂಬತ್ತೆಂಟನೇ ವಯಸ್ಸಿನಲ್ಲಿ ತೀರಿಕೊಂಡರು. ಮಾದದ, ಅಂದರೆ ತಿಥಿಯ, ಕಾರ್ಡಿನಲ್ಲಿ ಗಾಂಧೀಜಿಯ ಸಂಗತಿ ಹಾಕಿಸಿದೆ, ತಂಗಿಯ ಮೇಲಿನ ಸಿಟ್ಟನ್ನೂ ಬಿಡಲಿಲ್ಲ. ಬಂದವರು ಊಟಕ್ಕೆ ಕೂತು ಅದನ್ನೇ ಮಾತಾಡಿದರು.

ಸಮಯ ಓಡುತ್ತಿದೆ, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ.

ಮದುವೆ ಯಾವ ವರ್ಷ ಅಂತ ಕೇಳಬೇಡಿ. ಕೊಡಗು ಬೇರೆ ರಾಜ್ಯವಾಗಿದ್ದಾಗಲೋ, ಮೈಸೂರಿಗೆ ಸೇರಿದ ಮೇಲೋ ಅಂತ ಕೇಳಿ. 1956ರ ನವೆಂಬರ್ ಒಂದರ ಆಚೆಯೋ ಈಚೆಯೋ ಅಂತ ತಾನಾಗಿ ತಿಳಿಯುತ್ತದೆ. ಕಾಫಿ ಮಂಡಳಿ ಎಲ್ಲರ ಕಾಫಿ ಒಟ್ಟುಗೂಡಿಸಿ ಮಾರಿ ಕೊಡುತ್ತಿದ್ದ ಪೂಲ್ ಹಣ ಕಂತು ಕಂತಾಗಿ ಬರುತ್ತಿದ್ದಾಗ ಮನೆ ಖರ್ಚು ಹೇಗೆ ತೂಗಿಸಿದಿರಿ, ತೋಟದ ಕಿತ್ತಳೆ ರೋಗ ಬಂದು ಹೋದಾಗ ಏನು ಮಾಡಿದಿರಿ ಅಂತ ಕೇಳಿ. ಗಂಡಸರಿಗೆ ಗೊತ್ತಿಲ್ಲದ ಲೆಕ್ಕ ಹೊರಗೆ ಬರುತ್ತದೆ.

ಅವರ ತಾಮನೆಯ, ಅಂದರೆ ತವರುಮನೆಯ, ಬಗ್ಗೆ ಕೇಳಿ. ಇದು ಮುಖ್ಯ. ಒಕ್ಕದ, ಅಂದರೆ ಮನೆತನದ, ವಂಶವೃಕ್ಷದಲ್ಲಿ ಗಂಡಸರಿಗೆ ಕೊಂಬೆಯೇ ಇದೆ, ಮದುವೆಯಾಗಿ ಬಂದವರಿಗೆ ಒಂದು ಹೆಸರು, ಬಂದ ಒಕ್ಕದ ಹೆಸರು, ಅಷ್ಟೇ. ಮದುವೆಗೆ ಮೊದಲಿನ ಬಾಳು ಅಜ್ಜಿಯ ಬಾಯಲ್ಲಿ ಮಾತ್ರ ಇರುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು ಹಿರಿಯರ ಬಾಯಲ್ಲಿದ್ದ ಹಾಡುಗಳನ್ನು ಕೇಳಿ ಕೇಳಿ ಬರೆದು 1924ರಲ್ಲಿ ಪಟ್ಟೋಲೆ ಪಳಮೆ ಎಂಬ ಪುಸ್ತಕ ತಂದರು. ಆಗ ಅವರ ಕೈಯಲ್ಲಿ ಮೊಬೈಲ್ ಇರಲಿಲ್ಲ. ನಿಮ್ಮ ಕೈಯಲ್ಲಿದೆ. ಒತ್ತಿ ರೆಕಾರ್ಡ್ ಮಾಡಿ.

ಹಳೇ ಫೋಟೋಗಳ ಹಿಂದೆ ಹೆಸರು ಬರೆಯಿರಿ, ಪೆನ್ಸಿಲ್‌ನಲ್ಲಿ, ಮೆಲ್ಲಗೆ. ಪೆನ್ನಿನ ಶಾಯಿ ಮುಂಭಾಗಕ್ಕೆ ಇಳಿಯುತ್ತದೆ. ಕೈಲ್‌ಪೊಳ್ದ್ ಹಬ್ಬಕ್ಕೆ ಬೆಂಗಳೂರಿನಿಂದ ಬರುವ ಮಕ್ಕಳಿಗೆ ಈ ಕೆಲಸ ಒಪ್ಪಿಸಿ, ಹೇಗೂ ಊಟ ಮುಗಿಸಿ ಮಲಗುತ್ತಾರೆ. ವರ್ಷ ಕೇಳದಿರಲು ಅವರಿಗೂ ಹೇಳಿ. ನಮಸ್ಕಾರ.