ಶೇಕಡಾ 99 ಎಂದರೆ ಸಾಕೇ? ಆನ್‌ಲೈನ್ ಹರಾಜಿನಲ್ಲಿ ಮಾರಾಟಗಾರನನ್ನು ಅಳೆಯುವ ಬಗೆ

ನಮಸ್ಕಾರ. ಹರಾಜು ಜಾಲತಾಣವೊಂದರಲ್ಲಿ ನೀವು ಬಹಳ ದಿನಗಳಿಂದ ಹುಡುಕುತ್ತಿದ್ದ ಹಳೆಯ ಕ್ಯಾಮೆರಾ ಸಿಕ್ಕಿದೆ ಎಂದುಕೊಳ್ಳಿ. ಬೆಲೆ ಇನ್ನೂ ಏರಿಲ್ಲ, ಹರಾಜು ಮುಗಿಯಲು ಸ್ವಲ್ಪವೇ ಹೊತ್ತು ಉಳಿದಿದೆ. ಮಾರಾಟಗಾರನ ಹೆಸರಿನ ಪಕ್ಕದಲ್ಲಿ ‘ಶೇಕಡಾ 99’ ಎಂದಿದೆ. ಖರೀದಿದಾರರು ಬರೆದ ಒಳ್ಳೆಯ ಅಭಿಪ್ರಾಯಗಳ ಪಾಲು ಅದು. ಬಿಡ್ ಮಾಡುವ ಮೊದಲು ಆ ಅಂಕಿಯನ್ನು ಬಿಡಿಸಿ ನೋಡೋಣ.

[ತೆರೆಯ ಮೇಲೆ: ಮಾರಾಟಗಾರನ ಪುಟ, ಖರೀದಿದಾರರ ಅಭಿಪ್ರಾಯಗಳು]

ಅಮೆರಿಕದ ಹರಾಜು ಜಾಲತಾಣ ಇಬೇ ಆರಂಭವಾದದ್ದು 1995ರಲ್ಲಿ. ಮರುವರ್ಷವೇ ಅದರ ಸ್ಥಾಪಕ ಪಿಯರ್ ಒಮಿಡ್ಯಾರ್ ಅವರು ಕೊಂಡವರೂ ಮಾರಿದವರೂ ಪರಸ್ಪರ ಅಭಿಪ್ರಾಯ ಬರೆಯುವ ವ್ಯವಸ್ಥೆ ತಂದರು. ಮುಖ ಪರಿಚಯವೇ ಇಲ್ಲದವರು ವ್ಯವಹರಿಸಲು ಧೈರ್ಯ ಬಂದದ್ದು ಅದರಿಂದ. ಆದರೆ ನೀವು ಕೆಟ್ಟದ್ದು ಬರೆದರೆ ಮಾರಾಟಗಾರನೂ ಸೇಡಿಗೆ ನಿಮ್ಮ ಮೇಲೆ ಕೆಟ್ಟದ್ದು ಬರೆಯಬಹುದಿತ್ತು. ಆ ಭಯಕ್ಕೆ ಸುಮ್ಮನಾದವರಿದ್ದರು. 2008ರಲ್ಲಿ ಇಬೇ ಮಾರಾಟಗಾರರ ಆ ಅವಕಾಶವನ್ನು ತೆಗೆದುಹಾಕಿತು.

ಹಾಗಿದ್ದರೂ ಆ ಶೇಕಡಾವಾರು ಅಂಕಿ ಪೂರ್ತಿ ಕಥೆ ಹೇಳುವುದಿಲ್ಲ. ಇಬೇಯಲ್ಲಿ ಅದು ಕಳೆದ 12 ತಿಂಗಳ ಲೆಕ್ಕ ಮಾತ್ರ. ತಟಸ್ಥ ಅಭಿಪ್ರಾಯಗಳು ಅದರಲ್ಲಿ ಸೇರುವುದೇ ಇಲ್ಲ. ‘ಪರವಾಗಿಲ್ಲ, ಆದರೆ ಗೀರುಗಳನ್ನು ಮುಚ್ಚಿಟ್ಟಿದ್ದರು’ ಎಂಬಂಥ ಮಾತು ಇರುವುದು ಅಲ್ಲಿಯೇ. ಆದ್ದರಿಂದ ನಕಾರಾತ್ಮಕ ಮತ್ತು ತಟಸ್ಥ ಅಭಿಪ್ರಾಯಗಳನ್ನು ಮೊದಲು ಓದಿ. ಆಮೇಲೆ ಒಳ್ಳೆಯ ಹೆಸರು ಏನನ್ನು ಮಾರಿ ಬಂದದ್ದು ಎಂದು ನೋಡಿ. ಅಗ್ಗದ ಸ್ಟಿಕ್ಕರ್‌ಗಳನ್ನು ನೂರಾರು ಮಾರಿದವನು ಇದ್ದಕ್ಕಿದ್ದಂತೆ ದುಬಾರಿ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟಿದ್ದರೆ ನಾನಂತೂ ಮುಂದುವರಿಯುವುದಿಲ್ಲ. ವರ್ಷಗಟ್ಟಲೆ ಸದ್ದಿಲ್ಲದ ಖಾತೆ ದಿಢೀರನೆ ಚುರುಕಾಗಿದ್ದರೆ ಅದನ್ನು ಯಾರೋ ಕದ್ದು ಬಳಸುತ್ತಿರಲೂಬಹುದು.

ಚಿತ್ರಗಳನ್ನು ಇಮೇಜ್ ಸರ್ಚ್‌ಗೆ ಹಾಕಿ ನೋಡಿ. ಅದೇ ಚಿತ್ರ ಬೇರೆ ಕಡೆಯೂ ಕಂಡರೆ ವಸ್ತು ಆತನ ಬಳಿ ಇದೆಯೇ ಎಂಬುದೇ ಅನುಮಾನ. ಇಂದಿನ ದಿನಾಂಕ ಬರೆದ ಚೀಟಿಯನ್ನು ವಸ್ತುವಿನ ಪಕ್ಕದಲ್ಲಿಟ್ಟು ಹೊಸ ಚಿತ್ರ ಕಳುಹಿಸಲು ಕೇಳಿ. ಪ್ರಾಮಾಣಿಕರಿಗೆ ಇದು ಎರಡು ನಿಮಿಷದ ಕೆಲಸ.

[ತೆರೆಯ ಮೇಲೆ: ಬಿಡ್‌ಗಳ ಇತಿಹಾಸ]

ಈಗ ಹುಸಿ ಬಿಡ್ ವಿಚಾರ. ಇಲ್ಲಿ ಸ್ವಲ್ಪ ನಿಧಾನಿಸೋಣ. ಇಂಥ ತಾಣಗಳಲ್ಲಿ ನೀವು ನಿಮ್ಮ ಗರಿಷ್ಠ ಮೊತ್ತವನ್ನು ನಮೂದಿಸುತ್ತೀರಿ. ಎದುರಾಳಿಯನ್ನು ಮೀರಲು ಬೇಕಾದಷ್ಟನ್ನೇ ವ್ಯವಸ್ಥೆ ಏರಿಸುತ್ತದೆ. ನಿಮ್ಮ ಮಿತಿ ಗುಟ್ಟಾಗಿರುತ್ತದೆ. ಮಾರಾಟಗಾರನ ಆಪ್ತನೊಬ್ಬ ಮತ್ತೊಂದು ಖಾತೆಯಿಂದ ಹೆಜ್ಜೆ ಹೆಜ್ಜೆಯಾಗಿ ಬಿಡ್ ಏರಿಸುತ್ತ ಆ ಗುಟ್ಟನ್ನು ಬಗೆಯುತ್ತಾನೆ. ಮಿತಿ ದಾಟಿದ ಕೂಡಲೇ ತನ್ನ ಬಿಡ್ ಹಿಂತೆಗೆದುಕೊಳ್ಳುತ್ತಾನೆ. ಮತ್ತೆ ಬಿಡ್ ಮಾಡಿದಾಗ ನೀವು ಎಲ್ಲಿಯವರೆಗೆ ಕೊಡಲು ಸಿದ್ಧ ಎಂಬುದು ಆತನಿಗೆ ಗೊತ್ತಿರುತ್ತದೆ. ಇಬೇಯ ಬಿಡ್ ಇತಿಹಾಸದಲ್ಲಿ ಒಬ್ಬ ಬಿಡ್‌ದಾರನ ಚಟುವಟಿಕೆಯಲ್ಲಿ ಎಷ್ಟು ಪಾಲು ಇದೇ ಮಾರಾಟಗಾರನ ಬಳಿ ನಡೆದಿದೆ ಎಂಬುದು ಕಾಣುತ್ತದೆ. ಆ ಪಾಲು ತೀರ ಹೆಚ್ಚಿದ್ದು, ಹಿಂತೆಗೆತಗಳೂ ಇದ್ದರೆ ಅನುಮಾನಿಸಿ, ತಾಣಕ್ಕೆ ವರದಿ ಮಾಡಿ. ಒಳ್ಳೆಯ ರಕ್ಷಣೆಯೆಂದರೆ, ಮಿತಿಯನ್ನು ಮೊದಲೇ ನಿರ್ಧರಿಸಿ ಕೊನೆಯ ಕ್ಷಣಗಳಲ್ಲಿ ಒಂದೇ ಸಲ ಬಿಡ್ ಮಾಡುವುದು. ಬಗೆಯಲು ಆತನಿಗೆ ಸಮಯವೇ ಉಳಿಯುವುದಿಲ್ಲ.

‘ತಾಣದ ಹೊರಗೆ ಹಣ ಕಳುಹಿಸಿ, ಕಡಿಮೆಗೆ ಕೊಡುತ್ತೇನೆ’ ಎಂದರೆ ಮಾತುಕತೆ ಅಲ್ಲಿಗೇ ನಿಲ್ಲಲಿ. ಆನ್‌ಲೈನ್ ಪಾವತಿ ಸೇವೆಯಾದ ಪೇಪಾಲ್‌ನಲ್ಲಿ ಸ್ನೇಹಿತರಿಗೆ, ಕುಟುಂಬದವರಿಗೆ ಕಳುಹಿಸುವ ಬಗೆಯಲ್ಲಿ ಹಣ ಹಾಕಿದರೆ ಖರೀದಿದಾರರ ರಕ್ಷಣೆ ಅನ್ವಯಿಸುವುದಿಲ್ಲ. ಹರಾಜು ಸೋತ ಮೇಲೆ ‘ಗೆದ್ದವರು ಹಿಂದೆ ಸರಿದರು, ನಿಮಗೇ ಕೊಡುತ್ತೇನೆ’ ಎಂಬ ಇಮೇಲ್ ಬಂದರೆ, ಅದೇ ಸಂದೇಶ ತಾಣದೊಳಗಿನ ನಿಮ್ಮ ಖಾತೆಯಲ್ಲೂ ಇದೆಯೇ ಎಂದು ನೋಡಿ.

ಹಣ ಕೊಟ್ಟಾಗಿದೆ, ವಸ್ತು ಬಂದಿಲ್ಲ ಅಥವಾ ಬೇರೇನೋ ಬಂದಿದೆ. ಇಲ್ಲಿ ಮೋಸಗಾರನ ದೊಡ್ಡ ಬಲ ಸಿಹಿ ಮಾತು. ‘ಅಂಚೆ ತಡವಾಗಿದೆ, ಇನ್ನೊಂದು ವಾರ ಕಾಯಿರಿ’ ಎನ್ನುತ್ತಾನೆ. ದೂರಿನ ಗಡುವು ಕಳೆಯಲಿ ಎಂಬುದೇ ಲೆಕ್ಕಾಚಾರ. ಇಬೇಯ ಹಣ ವಾಪಸಾತಿ ಖಾತರಿಯಡಿ ಸಾಮಾನ್ಯವಾಗಿ, ತಲುಪಿದ ಅಥವಾ ತಲುಪಬೇಕಿದ್ದ ದಿನದಿಂದ 30 ದಿನಗಳೊಳಗೆ ದೂರು ಸಲ್ಲಿಸಬೇಕು. ಮಾರಾಟಗಾರನಿಗೆ 3 ಕೆಲಸದ ದಿನಗಳ ಅವಕಾಶವಿರುತ್ತದೆ. ಆಮೇಲೆ ಇಬೇಯೇ ಮಧ್ಯಪ್ರವೇಶಿಸುವಂತೆ ಕೇಳಬಹುದು. ಪೇಪಾಲ್‌ನಲ್ಲಿ ಗಡುವು ಪಾವತಿಯ ದಿನದಿಂದ 180 ದಿನ. ದೂರು ಕೊಟ್ಟರೆ ಒರಟುತನವಾದೀತು ಎಂಬ ಸಂಕೋಚ ಬೇಡ. ದೂರು ಕೊಟ್ಟೂ ಸೌಜನ್ಯದಿಂದ ಮಾತನಾಡಬಹುದು.

ಟ್ರ್ಯಾಕಿಂಗ್‌ನಲ್ಲಿ ‘ತಲುಪಿಸಲಾಗಿದೆ’ ಎಂದಿದ್ದು ನಿಮಗೆ ಏನೂ ಬಂದಿಲ್ಲವೇ? ನಿಮ್ಮದೇ ಊರಿನ ಬೇರೆ ವಿಳಾಸಕ್ಕೆ ಖಾಲಿ ಲಕೋಟೆ ಕಳುಹಿಸಿ ದಾಖಲೆ ಸೃಷ್ಟಿಸುವ ತಂತ್ರವೂ ಇದೆ. ಪಾರ್ಸೆಲ್‌ನ ತೂಕವೆಷ್ಟು, ಅದು ನಿಮ್ಮ ವಿಳಾಸಕ್ಕೆ ಬಂದಿತ್ತೇ ಎಂದು ಸಾಗಣೆ ಸಂಸ್ಥೆಯಿಂದ ಬರಹದಲ್ಲಿ ಪಡೆದು ದೂರಿಗೆ ಲಗತ್ತಿಸಿ. ದುಬಾರಿ ವಸ್ತುವಾದರೆ ಪೊಟ್ಟಣ ಬಿಚ್ಚುವುದನ್ನು ನಿಲ್ಲಿಸದೆ ವಿಡಿಯೋ ಮಾಡಿಕೊಳ್ಳಿ.

ಕೊನೆಯ ಒತ್ತಡ ಬರುವುದು ದೂರಿನ ನಂತರ: ‘ದೂರನ್ನು ಮುಚ್ಚಿ, ನಾಳೆಯೇ ಹಣ ಹಾಕುತ್ತೇನೆ.’ ಮುಚ್ಚಬೇಡಿ. ಪೇಪಾಲ್‌ನಲ್ಲಿ ಒಮ್ಮೆ ಮುಚ್ಚಿದ ದೂರನ್ನು ಮತ್ತೆ ತೆರೆಯಲಾಗದು. ಹಣ ಖಾತೆಗೆ ಬಂದ ಮೇಲಷ್ಟೇ ಆ ಗುಂಡಿ ಒತ್ತಿ. ಒಳ್ಳೆಯ ಅಭಿಪ್ರಾಯ ಬರೆದರೆ ಮಾತ್ರ ಹಣ ಮರಳಿಸುತ್ತೇನೆ ಎಂದರೆ, ಅದು ಇಬೇಯ ನಿಯಮಕ್ಕೆ ವಿರುದ್ಧ. ಆ ಸಂದೇಶವನ್ನೂ ಅಳಿಸದೆ ಉಳಿಸಿಕೊಂಡು ದೂರಿನ ಜೊತೆ ಸೇರಿಸಿ.