ತೊಟ್ಟು ನೋಡದೆ ಕೊಳ್ಳುವ ಕೋಟು

ಕೇಳುಗರೇ, ನಮಸ್ಕಾರ.

ತೊಟ್ಟು ನೋಡಿ ಕೊಳ್ಳುವ ಅಂಗಡಿಗಳು ಮುಚ್ಚುತ್ತಾ, ಕೋಟನ್ನು ಫೋನಿನಲ್ಲಿ ಕೊಳ್ಳಬೇಕಾಗಿ ಬಂದಿರುವುದರ ಬಗ್ಗೆ ಇವತ್ತು ನನ್ನ ಮಾತು. ಗಂಡಸರ ಉಡುಪಿನಲ್ಲಿ 1970ರ ದಶಕದಲ್ಲಿ ಆದ ಒಂದು ಬದಲಾವಣೆಯಿಂದ ಆರಂಭಿಸುತ್ತೇನೆ. ಇಟಲಿಯ ಮಿಲಾನ್ ನಗರದಲ್ಲಿ ಜಾರ್ಜಿಯೋ ಅರ್ಮಾನಿ 1975ರಲ್ಲಿ ತಮ್ಮ ಸಂಸ್ಥೆ ಕಟ್ಟಿದರು. ಅಲ್ಲಿಯವರೆಗೆ ಗಂಡಸರ ಕೋಟು ಎಂದರೆ ಬಹುಮಟ್ಟಿಗೆ ಭುಜಕ್ಕೆ ದಪ್ಪ ಪ್ಯಾಡು, ಎದೆಯ ಭಾಗದಲ್ಲಿ ಗಡುಸಾದ ಕ್ಯಾನ್ವಾಸ್, ಒಳಗೆಲ್ಲ ಅಸ್ತರಿ. ತೊಟ್ಟವನು ನೆಟ್ಟಗೆ ನಿಲ್ಲಲೇಬೇಕು. ಅರ್ಮಾನಿ ಆ ಒಳಸರಕನ್ನು ತೆಗೆಯುತ್ತಾ ಹೋದರು. ಕೋಟು ಹಗುರಾಯಿತು, ಮೈಯ ಜೊತೆ ಅಲುಗತೊಡಗಿತು. ಈ ಕೋಟನ್ನು 1976ರಲ್ಲಿ ಅಮೆರಿಕದವರಿಗೆ ಪರಿಚಯಿಸಿದ್ದು ನ್ಯೂಯಾರ್ಕಿನ ಬಾರ್ನೀಸ್ ಎಂಬ ಅಂಗಡಿ.

ಯೋಚಿಸಿ ನೋಡಿ. ಆ ಕೋಟನ್ನು ಹ್ಯಾಂಗರಿನಲ್ಲಿ ತೂಗುಹಾಕಿದರೆ ಜೋತುಬಿದ್ದ ಬಟ್ಟೆಯಷ್ಟೇ ಕಾಣುತ್ತದೆ. ತೋಳು ತೂರಿಸಿ, ಗುಂಡಿ ಹಾಕಿ, ಒಮ್ಮೆ ಕೈ ಎತ್ತಿ ಇಳಿಸಿದ ಮೇಲೆ ಮಾತ್ರ ಅದರಲ್ಲಿರುವ ಹೊಸತು ತಿಳಿಯುವುದು. ಅದು ಕಣ್ಣಿಗೆ ಕಾಣುವ ಹೊಸತಲ್ಲ, ಭುಜಕ್ಕೆ ಗೊತ್ತಾಗುವ ಹೊಸತು. ಅದು ಜನಕ್ಕೆ ಮುಟ್ಟಲು ಒಂದು ಕನ್ನಡಿ ಬೇಕಿತ್ತು, ತೊಟ್ಟು ನೋಡಲು ಒಂದು ಕೋಣೆ ಬೇಕಿತ್ತು, "ಒಮ್ಮೆ ಹಾಕಿ ನೋಡಿ, ಕೊಳ್ಳಲೇಬೇಕೆಂದಿಲ್ಲ" ಎನ್ನುವ ಒಬ್ಬ ಮನುಷ್ಯ ಬೇಕಿತ್ತು.

ಆ ಬಾರ್ನೀಸ್ ಅಂಗಡಿ ಇವತ್ತು ಇಲ್ಲ. 1923ರಲ್ಲಿ ಕಡಿಮೆ ಬೆಲೆಗೆ ಗಂಡಸರ ಸೂಟು ಮಾರುತ್ತಾ ಹುಟ್ಟಿದ ಅಂಗಡಿ 2019ರಲ್ಲಿ ದಿವಾಳಿ ಅರ್ಜಿ ಹಾಕಿತು, 2020ರ ಫೆಬ್ರವರಿಯಲ್ಲಿ ಬಾಗಿಲು ಮುಚ್ಚಿತು. ಹೆಸರೇ ಕೇಳದ ಎಳೆಯ ವಿನ್ಯಾಸಕಾರರನ್ನು ಹುಡುಕಿ ತರುತ್ತಿದ್ದ ಓಪನಿಂಗ್ ಸೆರೆಮನಿ ಎಂಬ ಸಂಸ್ಥೆ ಕೂಡ ಅದೇ ವರ್ಷ ತನ್ನ ಅಂಗಡಿಗಳನ್ನು ನಿಲ್ಲಿಸುವುದಾಗಿ ಹೇಳಿತು. 1818ರಿಂದ ನಡೆದುಬಂದ ಅಮೆರಿಕದ ಉಡುಪಿನ ಸಂಸ್ಥೆ ಬ್ರೂಕ್ಸ್ ಬ್ರದರ್ಸ್ 2020ರ ಜುಲೈಯಲ್ಲಿ ದಿವಾಳಿಯ ಮೊರೆ ಹೋಯಿತು. ಹೆಸರು ಉಳಿಯಿತು, ಒಡೆತನ ಬದಲಾಯಿತು, ಎಷ್ಟೋ ಮಳಿಗೆಗಳು ಹೋದವು.

ಕೋವಿಡ್ ಸಾಂಕ್ರಾಮಿಕದ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಈ ಅಂಗಡಿಗಳು ಅದಕ್ಕೂ ಮೊದಲೇ ಬಳಲಿದ್ದವು. ಹತ್ತಾರು ವಿನ್ಯಾಸಕಾರರ ಬಟ್ಟೆ ಮಾರುವ ಅಂಗಡಿ ನಡೆಯುವ ಬಗೆ ಹೀಗೆ: ಅಂಗಡಿಯವರು ಜನವರಿ ಮತ್ತು ಜೂನ್ ತಿಂಗಳಲ್ಲಿ ಮಿಲಾನ್, ಪ್ಯಾರಿಸ್ ಪ್ರದರ್ಶನಗಳಿಗೆ ಹೋಗುತ್ತಾರೆ. ಇನ್ನೂ ತಯಾರಾಗದ ಬಟ್ಟೆಯ ನಮೂನೆ ನೋಡಿ, ಯಾವ ಕೋಟು ಯಾವ ಅಳತೆಯಲ್ಲಿ ಎಷ್ಟು ಬೇಕೆಂದು ಆಗಲೇ ಬರೆದುಕೊಡುತ್ತಾರೆ. ಸರಕು ಬರುವುದು ತಿಂಗಳುಗಟ್ಟಲೆ ಕಳೆದ ಮೇಲೆ. ಮಾರಾಟವಾಗದಿದ್ದರೆ ನಷ್ಟ ಬಹುಮಟ್ಟಿಗೆ ಅಂಗಡಿಯವರದೇ. ಇಷ್ಟು ಹೊಣೆ ಹೊತ್ತು ತಂದ ಕೋಟು ಋತು ಮುಗಿಯುವ ಮೊದಲೇ ಯಾವುದೋ ಜಾಲತಾಣದಲ್ಲಿ ರಿಯಾಯಿತಿಗೆ ಸಿಗತೊಡಗಿದರೆ? ಜನ ಅಂಗಡಿಯಲ್ಲಿ ತೊಟ್ಟು ನೋಡಿ, ಹೊರಗೆ ಬಂದು ಫೋನಿನಲ್ಲಿ ಕೊಂಡರೆ? ಬಾಡಿಗೆ ಕಟ್ಟಿದವರು ಒಬ್ಬರು, ಕನ್ನಡಿ ಒರೆಸಿಟ್ಟವರು ಒಬ್ಬರು, ದುಡ್ಡು ಸೇರಿದ್ದು ಇನ್ನೊಬ್ಬರಿಗೆ. ಅದರ ಜೊತೆಗೆ ದೊಡ್ಡ ಹೆಸರಿನವರೆಲ್ಲ ತಮ್ಮದೇ ಮಳಿಗೆ, ತಮ್ಮದೇ ತಾಣ ತೆರೆದರು. ಆ ಮಳಿಗೆಗಳು ಇವತ್ತಿಗೂ ಥಳಥಳಿಸುತ್ತಿವೆ. ಆದರೆ ಅಲ್ಲಿ ಒಂದೇ ಹೆಸರಿನ ಬಟ್ಟೆ. ಒಬ್ಬರ ಕೋಟನ್ನು ಇನ್ನೊಬ್ಬರ ಕೋಟಿನ ಪಕ್ಕ ಹಿಡಿದು ನೋಡುವುದು ಅಲ್ಲಿ ಆಗದು.

ಇನ್ನು ಫೋನಿನಲ್ಲಿ ಕೊಳ್ಳುವ ಪಾಡು. ಇದರ ಬಗ್ಗೆ ನಾನು ತುಸು ವಿವರವಾಗಿಯೇ ಮಾತಾಡಬೇಕು, ಏಕೆಂದರೆ ಜನ ಇದನ್ನು ತಮ್ಮದೇ ತಪ್ಪೆಂದು ಸುಮ್ಮನಾಗುತ್ತಾರೆ. ಅಳತೆ ಸರಿಯಾಗಿ ನೋಡಲಿಲ್ಲ, ನನ್ನ ಮೈಕಟ್ಟೇ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಹಾಗಲ್ಲ.

ಇಟಲಿಯ ಕೋಟಿನ ಮೇಲೆ 50 ಎಂದು ಬರೆದಿದ್ದರೆ ಅದು ಎದೆಯ ಸುತ್ತಳತೆಯ ಅರ್ಧ, ಸೆಂಟಿಮೀಟರಿನಲ್ಲಿ. ಅಂದರೆ 100 ಸೆಂಟಿಮೀಟರ್ ಎದೆಯವರಿಗೆ. ಅದೇ ಮೈಗೆ ಬ್ರಿಟನ್, ಅಮೆರಿಕಗಳಲ್ಲಿ 40 ಎನ್ನುತ್ತಾರೆ; ಅಲ್ಲಿ ಲೆಕ್ಕ ಇಂಚಿನದು. ಜಪಾನಿನ ಕೆಲವು ವಿನ್ಯಾಸಕಾರರು 2, 3, 4 ಎಂದಷ್ಟೇ ಹಾಕುತ್ತಾರೆ. ಸರಿ, ಇಷ್ಟನ್ನು ಕಲಿತುಕೊಂಡಿರಿ ಎನ್ನೋಣ. ಆಗಲೂ ಮುಗಿಯಲಿಲ್ಲ. ತಾಣದಲ್ಲಿ ಕೊಟ್ಟ ಪಟ್ಟಿ ಮೈಯ ಅಳತೆಯೋ ಬಟ್ಟೆಯ ಅಳತೆಯೋ ಎಂಬುದನ್ನೇ ಬಹಳ ಕಡೆ ಹೇಳಿರುವುದಿಲ್ಲ. ವಿನ್ಯಾಸಕಾರ ಬೇಕೆಂದೇ ದೊಗಳೆಯಾಗಿ ಕತ್ತರಿಸಿದ 50ಕ್ಕೂ ಮೈಗಂಟುವಂತೆ ಕತ್ತರಿಸಿದ 50ಕ್ಕೂ ಪಟ್ಟಿ ಒಂದೇ.

ಮತ್ತೆ ಭುಜ. ಕೋಟಿನ ತೋಳು ಉದ್ದವಾದರೆ ಟೈಲರ್ ಮೊಟಕು ಮಾಡಿಕೊಡುತ್ತಾರೆ. ಸೊಂಟ ಸಡಿಲವಾದರೆ ಒಳಗೆ ಹಿಡಿಯುತ್ತಾರೆ. ಪ್ಯಾಂಟಿನ ಉದ್ದವಂತೂ ದೊಡ್ಡ ಮಾತೇ ಅಲ್ಲ. ಆದರೆ ಭುಜ ಹೆಚ್ಚುಕಡಿಮೆಯಾದರೆ ತೋಳು ಬಿಚ್ಚಿ ಅರ್ಧ ಕೋಟನ್ನೇ ಮತ್ತೆ ಹೊಲಿಯಬೇಕು. ಒಳ್ಳೆಯ ಟೈಲರ್ ಆ ಕೆಲಸ ಬೇಡವೆಂದೇ ಹೇಳುತ್ತಾರೆ. ಕೋಟಿನಲ್ಲಿ ಮೊದಲು ಸರಿಯಿರಬೇಕಾದದ್ದು ಭುಜ. ಎಷ್ಟೋ ತಾಣಗಳ ಪಟ್ಟಿಯಲ್ಲಿ ಎದೆ ಇರುತ್ತದೆ, ಸೊಂಟ ಇರುತ್ತದೆ, ಭುಜದ ಅಗಲ ಮಾತ್ರ ಇರುವುದಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಚಿತ್ರಗಳಾದರೂ ಸಹಾಯಕ್ಕೆ ಬರುತ್ತವೆಯೇ? ಚಿತ್ರದಲ್ಲಿರುವವನು ನೀಳಕಾಯದ ರೂಪದರ್ಶಿ. ಮುಂದಿನಿಂದ ಚೊಕ್ಕವಾಗಿ ಕಾಣಲೆಂದು ಬೆನ್ನ ಹಿಂದೆ ಕ್ಲಿಪ್ ಹಾಕಿ ಬಟ್ಟೆಯನ್ನು ಬಿಗಿಯುವುದು ಛಾಯಾಚಿತ್ರದ ಕೋಣೆಗಳಲ್ಲಿ ಮಾಮೂಲು. ಗಾಢ ನೀಲಿಗೂ ಕಪ್ಪಿಗೂ ಇರುವ ಅಂತರ ಪರದೆಯ ಮೇಲೆ ಕರಗಿಹೋಗುತ್ತದೆ. ಉಣ್ಣೆಯ ಬಟ್ಟೆಗೆ "ಸೂಪರ್ 100", "ಸೂಪರ್ 120" ಎಂದು ಹಾಕಿರುತ್ತಾರೆ. ಅದು ಎಳೆಯ ನಯ ಸೂಚಿಸುವ ಸಂಖ್ಯೆ: ಸೂಪರ್ 100 ಎಂದರೆ ಎಳೆಯ ದಪ್ಪ 18.75 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಮೀರಬಾರದು, ಸೂಪರ್ 120 ಎಂದರೆ 17.75 ಮೀರಬಾರದು. ಬಟ್ಟೆ ಎಷ್ಟು ತೂಕದ್ದು, ಹೇಗೆ ಇಳಿಬೀಳುತ್ತದೆ, ಮೊಣಕೈ ಮಡಿಸಿದಲ್ಲಿ ಸುಕ್ಕು ನಿಲ್ಲುತ್ತದೆಯೇ, ಎದೆಯೊಳಗೆ ಹೊಲಿದ ಕ್ಯಾನ್ವಾಸ್ ಇದೆಯೋ ಅಂಟಿಸಿದ ಪದರವೋ, ಇದಾವುದನ್ನೂ ಆ ಸಂಖ್ಯೆ ಹೇಳುವುದಿಲ್ಲ. ಅಂಗಡಿಯಲ್ಲಾದರೆ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದರೆ ಅರ್ಧ ಉತ್ತರ ಸಿಗುತ್ತಿತ್ತು.

ಹೀಗಾಗಿ ಜನ ಎರಡೆರಡು ಅಳತೆ ತರಿಸಿ ಒಂದನ್ನು ಹಿಂದಕ್ಕೆ ಕಳಿಸುತ್ತಾರೆ. ಐರೋಪ್ಯ ಒಕ್ಕೂಟದ ಕಾನೂನು ದೂರದಿಂದ ಕೊಂಡ ಸರಕನ್ನು 14 ದಿನಗಳೊಳಗೆ ಕಾರಣ ಹೇಳದೆ ನಿರಾಕರಿಸುವ ಹಕ್ಕು ಕೊಟ್ಟಿದೆ; ಆದರೆ ಮರಳಿ ಕಳಿಸುವ ಖರ್ಚನ್ನು ಕೊಂಡವರೇ ಹೊರುವಂತೆ ಮಾಡಲು ಮಾರುವವರಿಗೆ ಅವಕಾಶವಿದೆ. ವಾಪಸಾತಿಗೆ ಶುಲ್ಕ ಹಾಕುವುದು ಈಗ ಹೆಚ್ಚುತ್ತಿದೆ. ಬೇರೆ ದೇಶದಿಂದ ತರಿಸಿದ್ದಾದರೆ ಕಟ್ಟಿದ ಸುಂಕವನ್ನು ಹಿಂದಕ್ಕೆ ಪಡೆಯಲು ಇನ್ನೊಂದು ಓಡಾಟ. ಅಳೆಯುವುದು, ಊಹಿಸುವುದು, ಕಟ್ಟುವುದು, ಕಾಯುವುದು, ಮತ್ತೆ ಕಳಿಸುವುದು: ಅಂಗಡಿಯವರು ಮಾಡುತ್ತಿದ್ದ ಕೆಲಸವೆಲ್ಲ ಕೊಳ್ಳುವವನ ತಲೆಗೆ ಬಂದಿದೆ.

ಅಂಗಡಿಗಳನ್ನು ಸೋಲಿಸಿದ ತಾಣಗಳಾದರೂ ಗೆದ್ದವೇ ಎಂದು ನೋಡಿದರೆ ಅದೂ ಇಲ್ಲ. 1987ರಲ್ಲಿ ಲಂಡನ್ನಿನ ವಿಂಬಲ್ಡನ್ನಿನಲ್ಲಿ ಪುಟ್ಟ ಅಂಗಡಿಯಾಗಿ ಆರಂಭವಾಗಿ ಜಾಲತಾಣವಾಗಿ ಬೆಳೆದ ಮ್ಯಾಚಸ್ 2024ರ ಮಾರ್ಚಿನಲ್ಲಿ ಕುಸಿಯಿತು. ಅದಕ್ಕೆ ಸರಕು ಕೊಟ್ಟ ಎಷ್ಟೋ ಸಣ್ಣ ವಿನ್ಯಾಸಕಾರರ ಹಣ ಬಾಕಿ ಉಳಿಯಿತು. ಫಾರ್‌ಫೆಚ್ ಮುಳುಗುವ ಹಂತಕ್ಕೆ ಬಂದು 2023ರ ಕೊನೆಯಲ್ಲಿ ದಕ್ಷಿಣ ಕೊರಿಯಾದ ಕೂಪಾಂಗ್ ಕೈಹಿಡಿಯಬೇಕಾಯಿತು. ಮಾಂಟ್ರಿಯಲ್‌ನ ಎಸೆನ್ಸ್ 2025ರ ಆಗಸ್ಟಿನಲ್ಲಿ ಸಾಲ ಕೊಟ್ಟವರಿಂದ ರಕ್ಷಣೆ ಕೇಳಿತು. ಪೆಟ್ಟು ತಿಂದವರು ಮಾಲೀಕರಷ್ಟೇ ಅಲ್ಲ. ನಾಲ್ಕಾರು ಜನ ಸೇರಿ ಹೊಲಿಯುವ ಎಳೆಯ ವಿನ್ಯಾಸಕಾರರು ತಮ್ಮ ಬಟ್ಟೆಯನ್ನು ಈಗ ಎಲ್ಲಿಗೆ ಒಯ್ಯಬೇಕು? ಮುಂದಿನ ಅರ್ಮಾನಿ ಒಬ್ಬರು ಇವತ್ತು ಹೊಸ ಬಗೆಯ ಕೋಟು ಕತ್ತರಿಸಿದರೆ, ಅದನ್ನು ಜನಕ್ಕೆ ತೊಡಿಸಿ ತೋರಿಸುವವರು ಯಾರು?

ನನ್ನ ಮಟ್ಟಿಗೆ ದೊಡ್ಡ ನಷ್ಟ ಇನ್ನೊಂದಿದೆ: "ಇದು ನಿಮಗೆ ಬೇಡ" ಎನ್ನುತ್ತಿದ್ದ ಮನುಷ್ಯ. ವರ್ಷಗಟ್ಟಲೆ ಅಂಗಡಿಯಲ್ಲಿ ನಿಂತು ಪಳಗಿದ ಮಾರಾಟಗಾರ ನಿಮ್ಮ ಕುತ್ತಿಗೆಯ ಹಿಂದೆ ಕಾಲರ್ ಎದ್ದುನಿಂತದ್ದನ್ನು ನಿಮಗಿಂತ ಮೊದಲೇ ಕಾಣುತ್ತಾನೆ. ಒಂದು ಭುಜ ತುಸು ಇಳಿದಿರುವುದನ್ನು ಗಮನಿಸುತ್ತಾನೆ, ಆದರೆ ಅದನ್ನು ಎತ್ತಿ ಆಡುವುದಿಲ್ಲ. ಬೇರೆ ಕೋಟು ತಂದು ಕೈಗೆ ಕೊಡುತ್ತಾನೆ. ಎಲ್ಲ ಮಾರಾಟಗಾರರೂ ಹಾಗಿರಲಿಲ್ಲ, ತಲೆಯಿಂದ ಕಾಲಿನವರೆಗೆ ಅಳೆದು ಮುಖ ತಿರುಗಿಸುವವರೂ ಇದ್ದರು. ಆದರೂ ಬಟ್ಟೆಯ ಬಗ್ಗೆ ಏನೂ ತಿಳಿಯದ ಗಂಡಸು ಸಂಕೋಚವಿಲ್ಲದೆ ನಾಲ್ಕು ಮಾತು ಕೇಳಿ ಕಲಿಯಬಹುದಾಗಿದ್ದ ಜಾಗ ಅದೊಂದೇ. ತಾಣ ನೀವು ನೋಡಿದ್ದನ್ನೇ ಮತ್ತೆ ಮತ್ತೆ ತೋರಿಸುತ್ತದೆ. ಬೇಡ ಎನ್ನುವುದು ಅದಕ್ಕೆ ಬಾರದು.

ಅಂಗಡಿಗಳು ಮೊದಲಿನಂತೆ ಮರಳಿ ಬರುತ್ತವೆ ಎಂದು ನಾನು ನಂಬಿಲ್ಲ. ಉಳಿದಿರುವ ಕಡೆ ಹೋಗಿ, ಅಲ್ಲಿ ತೊಟ್ಟದ್ದನ್ನು ಅಲ್ಲೇ ಕೊಳ್ಳಿ. ಫೋನಿನಲ್ಲೇ ಕೊಳ್ಳಬೇಕಾದವರು ಒಂದು ಕೆಲಸ ಮಾಡಿ: ನಿಮಗೆ ಚೆನ್ನಾಗಿ ಕೂರುವ ಕೋಟೊಂದನ್ನು ಮೇಜಿನ ಮೇಲೆ ಹರಡಿ, ಬೆನ್ನಿನ ಕಡೆ ಒಂದು ಭುಜದ ಹೊಲಿಗೆಯಿಂದ ಇನ್ನೊಂದರವರೆಗೆ, ಕಂಕುಳಿನಿಂದ ಕಂಕುಳಿಗೆ, ಕಾಲರಿನ ಕೆಳಗಿನಿಂದ ತುದಿಯವರೆಗೆ ಅಳೆದು ಬರೆದಿಟ್ಟುಕೊಳ್ಳಿ. M, L ಎಂಬ ಅಕ್ಷರವನ್ನೂ 40, 50 ಎಂಬ ಸಂಖ್ಯೆಯನ್ನೂ ಬಿಟ್ಟು ಈ ಅಳತೆಗಳನ್ನೇ ಹೋಲಿಸಿ. ತಾಣದಲ್ಲಿ ಅವು ಇಲ್ಲದಿದ್ದರೆ ಬರೆದು ಕೇಳಿ, ಉತ್ತರ ಬರುವವರೆಗೆ ದುಡ್ಡು ಕೊಡಬೇಡಿ. ಈ ಬೇಡಿಕೆ ಅತಿಯಾಯಿತು ಎನ್ನುವವರಿದ್ದಾರೆ. ಆದರೆ ವಿನ್ಯಾಸಕಾರರ ಕೋಟು ತೊಟ್ಟು ಹಳೆಯದಾದ ಮೇಲೆ ಅದನ್ನು ಮನೆಯಲ್ಲೇ ಕೂತು ಮಾರುವವರು ನೆಲದ ಮೇಲೆ ಹರಡಿ, ಟೇಪು ಇಟ್ಟು, ಭುಜ, ಎದೆ, ತೋಳು, ಉದ್ದ ಎಲ್ಲವನ್ನೂ ಬರೆಯುತ್ತಾರೆ. ಬೆನ್ನಿನ ಚಿತ್ರ, ಒಳಗಿನ ಅಸ್ತರಿಯ ಚಿತ್ರವನ್ನೂ ಹಾಕುತ್ತಾರೆ. ಒಂದೇ ಒಂದು ಕೋಟು ಮಾರುವವರಿಗೆ ಸಾಧ್ಯವಾಗುವುದು ಸಾವಿರಾರು ಕೋಟು ಮಾರುವ ಸಂಸ್ಥೆಗೂ ಸಾಧ್ಯ.

ನಮಸ್ಕಾರ.